ಹಂದಿಮರಿಗೆ ಹೆಸರಿಡಬಾರದಿತ್ತು

ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಎಲ್ಲಿಂದ ಶುರು ಮಾಡಲಿ ಅಂತ ಮಾಂಗಾ ಹುಚ್ಚರನ್ನು ಕೇಳಬೇಡಿ. ಒಬ್ಬರು 'ಒನ್ ಪೀಸ್' ಅನ್ನುತ್ತಾರೆ. 1997ರಲ್ಲಿ ಶುರುವಾಗಿ, ನೂರು ಸಂಪುಟ ದಾಟಿದ ಕತೆ ಅದು. ಹೊಸಬರ ಕೈಗೆ ಕೊಟ್ಟರೆ ಈಜು ಬಾರದವರನ್ನು ಸಮುದ್ರಕ್ಕೆ ತಳ್ಳಿದ ಹಾಗೆ. ಇನ್ನೊಬ್ಬರು 'ವ್ಯಾಗಬಾಂಡ್' ಅನ್ನುತ್ತಾರೆ. ಆ ಚಿತ್ರಗಳ ಮುಂದೆ ಮಾತೇ ಇಲ್ಲ, ಒಪ್ಪುತ್ತೇನೆ. ಆದರೆ 2015ರಲ್ಲಿ ನಡುದಾರಿಯಲ್ಲೇ ನಿಂತುಬಿಟ್ಟ ಕತೆಗೆ ಯಾರನ್ನಾದರೂ ಅಂಟಿಸುವುದು ಪಾಪ.

ನಾನು ಇಲ್ಲಿತನಕ ಐದು ಜನರಿಗೆ ಈ ಹುಚ್ಚು ಹಿಡಿಸಿದ್ದೇನೆ. ಐವರಿಗೂ ಮೊದಲು ಕೊಟ್ಟಿದ್ದು ಒಂದೇ: ಹಿರೋಮು ಅರಕಾವಾ ಅವರ 'ಸಿಲ್ವರ್ ಸ್ಪೂನ್'. ಹದಿನೈದೇ ಸಂಪುಟ, ಮುಗಿದ ಕತೆ. ಕತ್ತಿ ಇಲ್ಲ, ಭೂತ ಇಲ್ಲ, ಲೋಕ ಉಳಿಸುವ ಹುಡುಗ ಇಲ್ಲ. ಇರುವುದು ಹಸು, ಕೋಳಿ, ಕುದುರೆ, ಸಗಣಿ.

ಮಾಡುವುದಕ್ಕೆ ಬೇರೇನೂ ಇಲ್ಲದ ಒಂದು ಭಾನುವಾರ ಇದನ್ನು ಸುಮ್ನೆ ತೆರೆದೆ. ಹಚಿಕೆನ್ ಅನ್ನೋ ಹುಡುಗ ಸಪ್ಪೊರೊ ನಗರದವನು. ಓದಿ ಓದಿ ಸುಸ್ತಾಗಿದ್ದಾನೆ. ಅಪ್ಪನ ಕಣ್ಣಿಗೆ ಬೀಳದಷ್ಟು ದೂರ ಹೋದರೆ ಸಾಕು ಅಂತ, ಹಾಸ್ಟೆಲ್ ಇರುವ ಒಂದು ಕೃಷಿ ಶಾಲೆ ಸೇರುತ್ತಾನೆ. ಹೊಕ್ಕೈಡೊ ದ್ವೀಪದ ದೊಡ್ಡ ಬಯಲಿನ ನಡುವೆ ಇರುವ ಶಾಲೆ. ಜೊತೆಗಿರುವ ಮಕ್ಕಳೆಲ್ಲ ರೈತರ ಮನೆಯವರು. ಮುಂದೆ ಏನಾಗಬೇಕು ಅಂತ ಎಲ್ಲರಿಗೂ ಗೊತ್ತು, ಇವನೊಬ್ಬನಿಗೆ ಗೊತ್ತಿಲ್ಲ. ಮೊಟ್ಟೆ ಕೋಳಿಯ ಯಾವ ದಾರಿಯಿಂದ ಹೊರಗೆ ಬರುತ್ತದೆ ಅಂತ ತಿಳಿದ ದಿನ ಪಾಪ ಮೊಟ್ಟೆ ತಿನ್ನುವುದನ್ನೇ ಬಿಡಲು ನೋಡುತ್ತಾನೆ. ಆಮೇಲೆ ಬಿಸಿ ಅನ್ನಕ್ಕೆ ಹಸಿ ಮೊಟ್ಟೆ ಒಡೆದು ಹಾಕಿದ್ದನ್ನು ಒಂದು ತುತ್ತು ತಿನ್ನುತ್ತಾನೆ. ಆ ಮುಖ ನೋಡಬೇಕು ನೀವು. ಅರಕಾವಾ ಬರೆಯುವ ಮುಖಗಳು ಎರಡೇ ಗೆರೆಯಲ್ಲಿ ಸೋಲೊಪ್ಪಿಕೊಳ್ಳುತ್ತವೆ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಮಾಂಸ ತಿನ್ನುವವಳಲ್ಲ. ಮೊದಲ ಅಧ್ಯಾಯದಲ್ಲೇ ಒಬ್ಬ ಟೀಚರ್ ಬಂದು ಕೋಳಿಯ ಕತ್ತು ಕತ್ತರಿಸಿದಾಗ ಪುಸ್ತಕ ಮುಚ್ಚಿಟ್ಟೆ. ಎರಡು ದಿನ ಬಿಟ್ಟು ಮತ್ತೆ ತೆಗೆದೆ. ತೆಗೆಯದೇ ಇದ್ದಿದ್ದರೆ ಹಂದಿಯ ಕತೆ ತಪ್ಪಿಹೋಗುತ್ತಿತ್ತು.

ಹಂದಿಗಳ ಕೊಟ್ಟಿಗೆಯಲ್ಲಿ ಒಂದು ಮರಿ ಎಲ್ಲಕ್ಕಿಂತ ಚಿಕ್ಕದು. ಬೇರೆ ಮರಿಗಳ ಜೊತೆ ಗುದ್ದಾಡಿ ಹಾಲು ಕುಡಿಯುವ ಶಕ್ತಿ ಅದಕ್ಕಿಲ್ಲ. ಹಚಿಕೆನ್‌ಗೆ ಅದರ ಮೇಲೆ ಪ್ರೀತಿ ಹುಟ್ಟುತ್ತದೆ. ಹೆಸರಿಡಬೇಡ, ಆಮೇಲೆ ಕಷ್ಟವಾಗುತ್ತದೆ ಅಂತ ಗೊತ್ತಿದ್ದವರು ಹೇಳುತ್ತಾರೆ. ಇವನು ಇಡುತ್ತಾನೆ. ಏನಂತ? ಬುತಾದೊನ್. ಅನ್ನದ ಮೇಲೆ ಹಂದಿಮಾಂಸ ಹಾಕಿ ಕೊಡುವ ಅಡುಗೆಯ ಹೆಸರು ಅದು. ನಗು ಬರುತ್ತದೆ. ಆದರೆ ಆ ನಗು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅರಕಾವಾಗೆ ಮೊದಲಿಂದಲೇ ಗೊತ್ತು. ನಮಗೂ ಗೊತ್ತು. ಗೊತ್ತಿದ್ದೂ ಓದುತ್ತೇವೆ.

ಬೇರೆ ಯಾರೇ ಬರೆದಿದ್ದರೂ ಆ ಹಂದಿಯನ್ನು ಉಳಿಸುತ್ತಿದ್ದರು ಅನ್ನಿಸುತ್ತದೆ. ಹುಡುಗ ರಾತ್ರೋರಾತ್ರಿ ಅದನ್ನು ಕದ್ದು ಓಡುತ್ತಿದ್ದ, ಓದುಗರು ಕಣ್ಣೊರೆಸಿಕೊಳ್ಳುತ್ತಿದ್ದರು. ಇಲ್ಲಿ ಹಾಗೆ ಆಗುವುದಿಲ್ಲ. ಹಂದಿ ಲಾರಿ ಹತ್ತುತ್ತದೆ. ಹುಡುಗ ಬೇಸಿಗೆ ರಜೆಯಲ್ಲಿ ಡೈರಿಯಲ್ಲಿ ದುಡಿದ ಹಣ ಕೊಟ್ಟು ಅದರ ಮಾಂಸವನ್ನೆಲ್ಲ ತಾನೇ ಕೊಳ್ಳುತ್ತಾನೆ. ಹೊಗೆಯಲ್ಲಿಟ್ಟು ಬೇಕನ್ ಮಾಡುತ್ತಾನೆ. ತಿನ್ನುತ್ತಾನೆ. ರುಚಿಯಾಗಿರುತ್ತದೆ. ಅದೇ ಅವನಿಗೆ ದೊಡ್ಡ ಕಷ್ಟ. ಸರಿಯಾ ತಪ್ಪಾ ಅಂತ ಪುಸ್ತಕ ಹೇಳುವುದಿಲ್ಲ. ಮಾಂಸ ತಿನ್ನದ ನನ್ನನ್ನು ಅದು ಬೈಯಲಿಲ್ಲ, ತಿನ್ನುವ ನನ್ನ ಗೆಳತಿಯನ್ನೂ ಬೈಯಲಿಲ್ಲ. ಇಬ್ಬರೂ ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು. ಒಂದು ಅಂತೂ ನಿಜ. ನಾನು ದಿನಾ ಹಾಲು ಕುಡಿಯುತ್ತೇನೆ. ಹಾಲು ಬತ್ತಿದ ಹಸು, ಗಂಡಾಗಿ ಹುಟ್ಟಿದ ಕರು ಎಲ್ಲಿಗೆ ಹೋಗುತ್ತವೆ ಅಂತ ಈ ಪುಸ್ತಕದ ಮಕ್ಕಳಿಗೆ ಗೊತ್ತು. ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಇದನ್ನೆಲ್ಲ ಅರಕಾವಾ ಕೂತಲ್ಲೇ ಊಹಿಸಿ ಬರೆದದ್ದಲ್ಲ. ಅವರು ಹೊಕ್ಕೈಡೊದ ಡೈರಿ ಮನೆಯಲ್ಲಿ ಬೆಳೆದವರು. ಕೃಷಿ ಶಾಲೆಯಲ್ಲೇ ಓದಿದವರು. ಟೋಕಿಯೋಗೆ ಹೋಗುವ ಮೊದಲು ಏಳು ವರ್ಷ ಮನೆಯ ಹೊಲ, ಕೊಟ್ಟಿಗೆಗಳಲ್ಲೇ ದುಡಿದವರು. ಪುಸ್ತಕದಲ್ಲಿ ತಮ್ಮ ಚಿತ್ರ ಬರೆಯುವಾಗಲೂ ಕನ್ನಡಕ ಹಾಕಿದ ಹಸುವನ್ನೇ ಬರೆಯುತ್ತಾರೆ. ಹಸುವಿನ ಹಿಂದೆ ಎಲ್ಲಿ ನಿಲ್ಲಬಾರದು, ಡೈರಿ ಸಾಲಕ್ಕೆ ಸಿಕ್ಕಿದರೆ ಮನೆಯಲ್ಲಿ ಯಾರು ಯಾರ ಮುಖ ನೋಡುವುದಿಲ್ಲ ಅನ್ನುವಂಥ ಸಣ್ಣ ಸಂಗತಿಗಳು ಅದಕ್ಕೇ ಇಷ್ಟು ಗಟ್ಟಿ.

'ಫುಲ್‌ಮೆಟಲ್ ಆಲ್ಕೆಮಿಸ್ಟ್' ಓದಿದವರಿಗೆ ಇವರ ಹೆಸರು ಹೇಳಬೇಕಿಲ್ಲ. ಅದೂ ಇವರದೇ, 2001ರಿಂದ 2010ರವರೆಗೆ ಬಂದ, 27 ಸಂಪುಟದ ಕತೆ. ಅಲ್ಲಿನ ನಿಯಮ, ಏನಾದರೂ ಬೇಕಿದ್ದರೆ ಅಷ್ಟೇ ಬೆಲೆಯದ್ದನ್ನು ಕೊಡಬೇಕು. ಆಗ ಅದು ಮಾಟಮಂತ್ರದ ಮಾತು ಅಂದುಕೊಂಡಿದ್ದೆ. 'ಸಿಲ್ವರ್ ಸ್ಪೂನ್' ಆದಮೇಲೆ ಮತ್ತೆ ಓದಿದರೆ ಅದು ಕೊಟ್ಟಿಗೆಯಲ್ಲಿ ಹುಟ್ಟಿದ ಮಾತು ಅನ್ನಿಸಿತು. ಆ ಕತೆಯ ನಾಯಕರಾದ ಅಣ್ಣತಮ್ಮಂದಿರಿಗೆ ಪಾಠ ಹೇಳುವ ಗುರು ಇಜುಮಿಯ ಗಂಡ ಯಾರು ಹೇಳಿ? ಕಟುಕ! ಆ ಹುಡುಗರನ್ನು ಅವಳು ದ್ವೀಪದಲ್ಲಿ ಬಿಟ್ಟು ಬಂದಾಗ ಅವರು ಹಸಿದು, ಬೇಟೆಯಾಡಿ ತಿನ್ನಲು ಕಲಿಯುತ್ತಾರೆ. ಎರಡೂ ಕತೆಯಲ್ಲಿ ಅರಕಾವಾ ಅನ್ನೋ ಒಬ್ಬಳೇ ಹೆಂಗಸು ಒಂದೇ ಮಾತು ಹೇಳುತ್ತಿದ್ದಾಳೆ. ಎರಡನೆಯದರಲ್ಲಿ ಮಂತ್ರ ತೆಗೆದುಬಿಟ್ಟಿದ್ದಾಳೆ, ಅಷ್ಟೆ.

ಕೊರತೆ ಇಲ್ಲವಾ? ಇದೆ. ಹಚಿಕೆನ್ ಮತ್ತು ಅವನ ಸಹಪಾಠಿ ಮಿಕಾಗೆಯ ಪ್ರೀತಿ ಎಳೆದೂ ಎಳೆದೂ ಸಾಕಾಗಿಸುತ್ತದೆ. ಇಬ್ಬರೂ ಕೆಂಪಾಗುತ್ತಾರೆ, ಯಾರೋ ಬಾಗಿಲು ತೆರೆಯುತ್ತಾರೆ, ಮುಗೀತು. ನಾಲ್ಕನೇ ಸಲಕ್ಕೆ ನಾನು ಪುಟ ಹಾರಿಸಿದೆ. ಗೆಳೆಯರ ಗುಂಪು ಜಾಸ್ತಿ ದೊಡ್ಡದು. ದೊಡ್ಡ ಫಾರ್ಮಿನ ಮಗಳು ತಮಾಕೊ, ರಕ್ತ ಕಂಡರೆ ಎಚ್ಚರ ತಪ್ಪುವ, ಆದರೂ ಪಶುವೈದ್ಯನಾಗಬೇಕು ಅನ್ನುವ ಐಕಾವಾ ಇವರಿಬ್ಬರು ನೆನಪಲ್ಲಿ ಉಳಿದರು. ಮಿಕ್ಕ ಕೆಲವರ ಹೆಸರು ಈಗಲೂ ಗೊಂದಲ. ಇನ್ನು ಕೊನೆ. ಕತೆ 2011ರಲ್ಲಿ 'ವೀಕ್ಲಿ ಶೋನೆನ್ ಸಂಡೇ' ಅನ್ನೋ ವಾರಪತ್ರಿಕೆಯಲ್ಲಿ ಶುರುವಾಯಿತು. 2014ರ ಹೊತ್ತಿಗೆ ಮನೆಯವರ ಆರೋಗ್ಯದ ಕಾರಣಕ್ಕೆ ಅರಕಾವಾ ಬಿಡುವು ತೆಗೆದುಕೊಳ್ಳಬೇಕಾಯಿತು. ಆಮೇಲೆ ಬಿಟ್ಟು ಬಿಟ್ಟು ಬಂದು 2019ರಲ್ಲಿ ಮುಗಿಯಿತು. ಮೊದಲ ಸಂಪುಟಗಳಲ್ಲಿ ಒಂದು ಮೊಟ್ಟೆಗೆ ಕೊಟ್ಟ ಸಮಯ ಕೊನೆಯ ಸಂಪುಟಗಳಲ್ಲಿ ಒಂದು ವರ್ಷಕ್ಕೂ ಸಿಗುವುದಿಲ್ಲ. ಕಾರಣ ಗೊತ್ತಿರುವುದರಿಂದ ದೂರಲು ಮನಸ್ಸಿಲ್ಲ, ಆದರೂ ಅವಸರ ಕಾಣುತ್ತದೆ.

ಅದಕ್ಕೆ ಬದಲಾಗಿ ಇನ್ನೊಬ್ಬ ಸಹಪಾಠಿ ಕೊಮಾಬಾನ ಕತೆ ಇದೆ. ಬೇಸ್‌ಬಾಲ್ ಆಡಿ ಗೆದ್ದು ಮನೆಯ ಡೈರಿ ಉಳಿಸಬೇಕು ಅಂದುಕೊಂಡವನು. ಅವನ ಮನೆಯ ಹಸುಗಳು ಮಾರಾಟವಾಗಿ, ಕೊಟ್ಟಿಗೆ ಖಾಲಿಯಾಗುವ ಭಾಗವನ್ನು ನಾನು ಇನ್ನೊಮ್ಮೆ ಓದಿಲ್ಲ. ಓದಲು ಧೈರ್ಯವಿಲ್ಲ. ಜಪಾನಿನ ಪ್ರಶಸ್ತಿಗಳಲ್ಲಿ ಮಾಂಗಾ ತೈಶೋ ಅಂತ ಒಂದಿದೆ. 2012ರಲ್ಲಿ ಅದು ಈ ಪುಸ್ತಕಕ್ಕೆ ಬಂತು. ಆ ವರ್ಷ ತೀರ್ಪು ಕೊಟ್ಟವರ ಕೈ ಕುಲುಕಬೇಕು ಅನ್ನಿಸುತ್ತದೆ.

ಓದಬೇಕು ಅಂದುಕೊಂಡವರಿಗೆ ಎರಡು ಮಾತು. ಇಂಗ್ಲಿಷಿನಲ್ಲಿ ಯೆನ್ ಪ್ರೆಸ್ ಹದಿನೈದೂ ಸಂಪುಟ ತಂದಿದೆ. ಪುಟ ಬಲದಿಂದ ಎಡಕ್ಕೆ. ನನ್ನ ಅಣ್ಣ ಅರ್ಧ ಪುಸ್ತಕ ಹಿಂದಿನಿಂದ ಓದಿ, "ಏನೇ ಇದು, ಮೊದಲೇ ಎಲ್ಲರಿಗೂ ಎಲ್ಲ ಗೊತ್ತಿದೆ?" ಅಂದಿದ್ದ. ಅನಿಮೆಯೂ (ಜಪಾನಿನ ಕಾರ್ಟೂನ್ ಸರಣಿ) ಇದೆ, 2013ರಿಂದ 2014ರೊಳಗೆ ಎರಡು ಸೀಸನ್. ಚೆನ್ನಾಗಿದೆ, ಆದರೆ ಕತೆಯನ್ನು ಪೂರ್ತಿ ಮುಗಿಸುವುದಿಲ್ಲ. ಹಾಗಾಗಿ ಪುಸ್ತಕವೇ ಇರಲಿ. ಇದಾದ ಮೇಲೆ ಏನು ಅಂತ ಕೇಳುವವರಿಗೆ ನಾನು 'ಎ ಸೈಲೆಂಟ್ ವಾಯ್ಸ್' ಕೊಡುತ್ತೇನೆ, ಏಳೇ ಸಂಪುಟ. ಕಿವಿ ಕೇಳದ ಹುಡುಗಿಯನ್ನು ಶಾಲೆಯಲ್ಲಿ ಕಾಡಿದ ಹುಡುಗ, ದೊಡ್ಡವನಾದ ಮೇಲೆ ಅವಳ ಎದುರು ಬಂದು ನಿಲ್ಲುವ ಕತೆ. ರಾತ್ರಿ ನಿದ್ದೆ ಕೆಟ್ಟರೂ ಪರವಾಗಿಲ್ಲ ಅನ್ನುವವರಿಗೆ 'ಮಾನ್‌ಸ್ಟರ್'. ಹದಿನೆಂಟು ಸಂಪುಟ. ಮೊದಲ ಓದಿಗೆ ಅದು ಬೇಡ.

ಇನ್ನೊಂದು, ಸಂಪುಟಗಳನ್ನು ಬಿಡಿಬಿಡಿಯಾಗಿ ತರಿಸುವವರು ಪೊಟ್ಟಣ ಬಂದ ದಿನವೇ ಒಡೆದು ನೋಡಿ. ನನಗೆ ನಾಲ್ಕನೆಯದರ ಬದಲು ಎರಡನೆಯದೇ ಇನ್ನೊಮ್ಮೆ ಬಂತು. ನಾನು ಮೂರನೆಯದು ಮುಗಿಸಿ, ಹಂದಿಗೆ ಏನಾಯಿತು ಅಂತ ಪೊಟ್ಟಣ ಹರಿದಾಗಲೇ ಗೊತ್ತಾಗಿದ್ದು. ಅಷ್ಟು ಹೊತ್ತಿಗೆ ವಾಪಸ್ ಕಳಿಸುವ ದಿನ ಮುಗಿದಿತ್ತು. ಇರಲಿ, ಸಾಲ ಕೊಡಲು ಒಂದು ಪ್ರತಿ ಆಯಿತು ಅಂದುಕೊಂಡೆ. ಆದರೆ ಎಲ್ಲರೂ ಶುರು ಮಾಡುವುದು ಒಂದನೆಯದರಿಂದ ಅಲ್ವಾ. ಐದನೆಯ ಗೆಳತಿ ಅದನ್ನು ತೆಗೆದುಕೊಂಡು ಹೋಗಿ ಎಂಟು ತಿಂಗಳಾಯಿತು. ನನ್ನ ಕಪಾಟಿನಲ್ಲಿ ಈಗ ಎರಡನೆಯದು ಎರಡಿವೆ, ಒಂದನೆಯದು ಇಲ್ಲ.