ಕ್ಯಾಮೆರಾ ಉಳಿಯಿತು, ರೆಕಾರ್ಡಿಂಗ್ ಹೋಯಿತು

ಮನೆಗೆ ಕಳ್ಳರು ನುಗ್ಗಿದ ರಾತ್ರಿ ನಮ್ಮ ನಾಲ್ಕೂ ಕ್ಯಾಮೆರಾ ಸರಿಯಾಗಿಯೇ ಕೆಲಸ ಮಾಡುತ್ತಿದ್ದವು. ಆದರೂ ಪೊಲೀಸರಿಗೆ ತೋರಿಸಲು ಒಂದು ನಿಮಿಷದ ವಿಡಿಯೋ ಇರಲಿಲ್ಲ. ಎಲ್ಲವೂ ರೆಕಾರ್ಡ್ ಆಗುವ ಎನ್‌ವಿಆರ್ ಪೆಟ್ಟಿಗೆಯನ್ನೇ ಅವರು ಕಿತ್ತುಕೊಂಡು ಹೋಗಿದ್ದರು.

ಅದು ಟಿವಿ ಕೆಳಗೆ, ರೂಟರ್ ಪಕ್ಕದಲ್ಲೇ ಇತ್ತು. ಟಿವಿಗೆ ಹತ್ತಿರ ಇದ್ದರೆ ನೋಡೋಕೆ ಸುಲಭ ಅಂತ ಕ್ಯಾಮೆರಾ ಹಾಕಿದವರು ಹೇಳಿದ್ದರು. ನಾವೂ ಹೂಂ ಅಂದಿದ್ದೆವು. ಬಹಳ ಮನೆಗಳಲ್ಲಿ ಹೀಗೇ ಇರುತ್ತದೆ ಅಲ್ವಾ? ಹೊರಗೆ ಕ್ಯಾಮೆರಾ ಕಂಡವನು ಒಳಗೆ ಬಂದು ಮೊದಲು ನೋಡುವ ಜಾಗವೂ ಅದೇ. ನನ್ನ ಫೋನಿಗೆ ಅಲರ್ಟ್ ಬಂದಿತ್ತು. ಆ್ಯಪ್ ತೆರೆಯುವಷ್ಟರಲ್ಲಿ ‘ಆಫ್‌ಲೈನ್’ ಅಂತ ತೋರಿಸಿತು. ಫೋನಿನಲ್ಲಿ ಕಾಣುವುದೆಲ್ಲ ಆ ಪೆಟ್ಟಿಗೆಯಿಂದಲೇ ಬರುತ್ತಿತ್ತು, ಬೇರೆ ಎಲ್ಲೂ ಉಳಿದಿರಲಿಲ್ಲ ಅನ್ನುವುದು ಆಗಲೇ ಅರ್ಥವಾಗಿದ್ದು.

ಹೊಸದನ್ನು ತಂದು ಬಚ್ಚಿಟ್ಟೆವು. ಅಲ್ಲೂ ತಪ್ಪಾಯಿತು. ದಯವಿಟ್ಟು ಇದನ್ನು ಗಮನವಿಟ್ಟು ಓದಿ.

ಮಲಗುವ ಕೋಣೆಯ ಅಟ್ಟದಲ್ಲಿ ಮರದ ಪೆಟ್ಟಿಗೆಯೊಳಗೆ ಇಟ್ಟು, ಮೇಲೆ ಕಂಬಳಿ ಹೊದಿಸಿದ್ದೆವು. ಒಂದು ದಿನ ಮನೆಗೆ ಬಂದ ನಮ್ಮ ಭಾವ ಗೋಡೆಯ ಮೇಲಿನ ಬಿಳಿ ವೈರುಗಳನ್ನೇ ನೋಡುತ್ತಾ ಹೋಗಿ, ಒಂದೇ ನಿಮಿಷದಲ್ಲಿ ಅಟ್ಟಕ್ಕೆ ಬೆರಳು ತೋರಿಸಿದರು. ನಾಲ್ಕು ವೈರು ಒಟ್ಟಿಗೆ ಒಂದೇ ಕಡೆ ಹೋದರೆ ಯಾರಿಗಾದರೂ ಗೊತ್ತಾಗುತ್ತದೆ.

ಇನ್ನೂ ದೊಡ್ಡ ತಪ್ಪು ಶಾಖದ್ದು. ಎನ್‌ವಿಆರ್‌ನ ಹಾರ್ಡ್‌ಡಿಸ್ಕ್ ಹಗಲೂ ರಾತ್ರಿ ತಿರುಗುತ್ತಲೇ ಇರುತ್ತದೆ. ಗಾಳಿಯಾಡದ ಕಡೆ ಇಟ್ಟರೆ ಬಿಸಿ ಹೊರಗೆ ಹೋಗುವುದಿಲ್ಲ. ಕೆಲವೇ ತಿಂಗಳಲ್ಲಿ ನಮ್ಮ ಡಿಸ್ಕ್ ಕೆಟ್ಟಿತು, ಆದರೆ ನಮಗೆ ತಿಳಿಯಲೇ ಇಲ್ಲ. ಡಿಸ್ಕ್ ಕೆಟ್ಟರೂ ಲೈವ್ ವಿಡಿಯೋ ಬರುತ್ತಲೇ ಇರುತ್ತದೆ. ಫೋನಿನಲ್ಲಿ ಗೇಟು ಕಾಣುತ್ತಿದೆ, ಎಲ್ಲ ಸರಿ ಇದೆ ಅಂದುಕೊಂಡಿದ್ದೆವು. ಕೆಟ್ಟಾಗ ಕೂಗುವ ಬೀಪ್ ಸದ್ದನ್ನು ಕಿರಿಕಿರಿ ಅಂತ ನಾವೇ ನಿಲ್ಲಿಸಿದ್ದೆವು. ಗೇಟಿನ ಮುಂದೆ ಕಾರಿಗೆ ಯಾರೋ ಗೀಚಿದ್ದನ್ನು ನೋಡಲು ಹೋದಾಗ ಮೂರು ವಾರದಿಂದ ಏನೂ ರೆಕಾರ್ಡ್ ಆಗಿರಲಿಲ್ಲ.

ಈಗ ಎನ್‌ವಿಆರ್ ಸಾಮಾನಿನ ಕೋಣೆಯಲ್ಲಿದೆ. ಗಾಳಿ ಕಿಂಡಿ ಇರುವ ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟು, ಆ ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಗೋಡೆಗೆ ಬಿಗಿದಿದ್ದೇವೆ. ವೈರುಗಳು ಗೋಡೆಯೊಳಗಿನ ಪೈಪಿನಲ್ಲಿ ಹೋಗುತ್ತವೆ. ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು, ಹಾಗಾಗಿ ಟಿವಿ ಹತ್ತಿರವೇ ಇಡಬೇಕೆಂದಿಲ್ಲ. ನೋಡಲು ಫೋನ್ ಸಾಕು. ರೂಟರನ್ನು ಮಾತ್ರ ಕಬ್ಬಿಣದ ಪೆಟ್ಟಿಗೆಯೊಳಗೆ ಇಡಬೇಡಿ, ವೈಫೈ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಕರೆಂಟು ಹೋದರೂ ನಡೆಯುವಂತೆ ಎರಡಕ್ಕೂ ಯುಪಿಎಸ್ ಕೊಟ್ಟಿದ್ದೇವೆ.

ಎಷ್ಟೇ ಚೆನ್ನಾಗಿ ಬಚ್ಚಿಟ್ಟರೂ ಹುಡುಕುವವರಿಗೆ ಸಮಯ ಸಿಕ್ಕರೆ ಸಿಕ್ಕೇ ಸಿಗುತ್ತದೆ. ಅದಕ್ಕೇ ಇನ್ನೊಂದು ಪ್ರತಿ ಬೇಕು. ಮೆಮೊರಿ ಕಾರ್ಡ್ ಹಾಕುವ ಜಾಗ ಬಹಳ ಕ್ಯಾಮೆರಾಗಳಲ್ಲಿ ಇರುತ್ತದೆ. ಕಾರ್ಡ್ ಹಾಕಿ, ಸೆಟ್ಟಿಂಗ್‌ನಲ್ಲಿ ಅದಕ್ಕೆ ರೆಕಾರ್ಡ್ ಆಗುವಂತೆ ಮಾಡಿದರೆ, ಎನ್‌ವಿಆರ್ ಕಿತ್ತ ಕ್ಷಣದವರೆಗಿನ ವಿಡಿಯೋ ಕ್ಯಾಮೆರಾದಲ್ಲೇ ಉಳಿಯುತ್ತದೆ. ಆದರೆ ಸೆಕೆಂಡಿಗೆ 4 ಮೆಗಾಬಿಟ್ ಲೆಕ್ಕದಲ್ಲಿ ಒಂದು ಕ್ಯಾಮೆರಾಗೆ ದಿನಕ್ಕೆ ಸುಮಾರು 43 ಜಿಬಿ ಬೇಕು. ಸಣ್ಣ ಕಾರ್ಡ್ ಬೇಗ ತುಂಬಿ ಹಳೆಯದು ಅಳಿಸಿಹೋಗುತ್ತದೆ. ಯಾರಾದರೂ ಓಡಾಡಿದಾಗ ಮಾತ್ರ ರೆಕಾರ್ಡ್ ಆಗುವಂತೆ ಇಟ್ಟರೆ ಜಾಸ್ತಿ ದಿನ ಬರುತ್ತದೆ. ಗೇಟಿನ ಕ್ಯಾಮೆರಾದ ತುಣುಕುಗಳು ಕ್ಲೌಡ್‌ಗೂ ಹೋಗುವಂತೆ ಮಾಡಿದ್ದೇವೆ.

ಪ್ರತಿ ಭಾನುವಾರ ಹಿಂದಿನ ದಿನದ ರೆಕಾರ್ಡಿಂಗ್ ತೆರೆದು ನೋಡುತ್ತೇನೆ. ಲೈವ್ ಅಲ್ಲ, ರೆಕಾರ್ಡಿಂಗ್. ಬೀಪ್ ಸದ್ದನ್ನು ಮತ್ತೆ ಆನ್ ಮಾಡಿದ್ದೇನೆ.

ಇನ್ನೊಂದು ಮಾತು. ಕಳ್ಳತನದ ದೂರು ಕೊಡುವಾಗ ಪೊಲೀಸರು ಎನ್‌ವಿಆರ್‌ನ ಸೀರಿಯಲ್ ನಂಬರ್ ಕೇಳಿದರು. ಅದು ಬರೆದಿದ್ದು ಪೆಟ್ಟಿಗೆಯ ಅಡಿಯಲ್ಲಿ, ಪೆಟ್ಟಿಗೆಯ ಜೊತೆಗೇ ಹೋಗಿತ್ತು. ಈಗ ಹೊಸದರ ನಂಬರಿನ ಫೋಟೋ ಮನೆಯ ಎಲ್ಲರ ಫೋನಿನಲ್ಲೂ ಇದೆ.