0ಎಕ್ಸ್80070643: ಅಪ್‌ಡೇಟ್ ರಿಪೇರಿಗೆ ಹೋಗಿ ಡಿ ಡ್ರೈವ್ ಕಳೆದುಕೊಳ್ಳಬೇಡಿ

ವಿಂಡೋಸ್ 10 ಇರುವ ಮನೆಯ ಕಂಪ್ಯೂಟರಿನಲ್ಲಿ ಕೆಬಿ5034441, ಅಥವಾ ಆಮೇಲೆ ಅದರ ಜಾಗಕ್ಕೆ ಬಂದ ಕೆಬಿ5042320, ಎಂಬ ಅಪ್‌ಡೇಟ್ ಮತ್ತೆ ಮತ್ತೆ ಫೇಲ್ ಆಗಿ 0ಎಕ್ಸ್80070643 ಎಂಬ ಎರರ್ ಕೋಡ್ ತೋರಿಸುತ್ತಿದ್ದರೆ, ಕೈಹಾಕುವ ಮುನ್ನ ಇದನ್ನು ಓದಿ. ಅಪ್‌ಡೇಟ್ ಫೇಲ್ ಆದದ್ದರಿಂದ ಯಾರ ಫೋಟೋನೂ ಹೋಗುವುದಿಲ್ಲ. ಹೋಗುವುದು ಅದನ್ನು ಸರಿಮಾಡಲು ಕೂತಾಗ.

2024ರ ಜನವರಿ 9ರಂದು ಮೈಕ್ರೋಸಾಫ್ಟ್ ಬಿಟ್ಟ ಅಪ್‌ಡೇಟ್ ಇದು. ಕಂಪ್ಯೂಟರ್ ಕೈಗೆ ಸಿಕ್ಕ ಯಾರಾದರೂ ರಿಕವರಿ ಪರಿಸರದ (ವಿಂಡೋಸ್ ಕೆಟ್ಟಾಗ ರಿಪೇರಿಗೆ ತೆರೆಯುವ ಪುಟ್ಟ ವ್ಯವಸ್ಥೆ) ಮೂಲಕ, ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಎನ್‌ಕ್ರಿಪ್ಷನ್ ದಾಟಿಹೋಗಬಹುದಾದ ದೋಷ ಮುಚ್ಚುವುದು ಇದರ ಕೆಲಸ. ಅದಕ್ಕೆ ರಿಕವರಿ ಪಾರ್ಟಿಷನ್ನಿನಲ್ಲಿ, ಅಂದರೆ ಆ ಪರಿಸರಕ್ಕೆಂದೇ ಡಿಸ್ಕಿನಲ್ಲಿ ಬೇರ್ಪಡಿಸಿದ ಭಾಗದಲ್ಲಿ, 250 ಎಂಬಿ ಖಾಲಿ ಬೇಕು. ಹಳೆಯ ಕಂಪ್ಯೂಟರುಗಳಲ್ಲಿ ಆ ಪಾರ್ಟಿಷನ್ನೇ 450ರಿಂದ 500 ಎಂಬಿ, ಬಹುಪಾಲು ತುಂಬಿರುತ್ತದೆ. ಸಿ ಡ್ರೈವಿನಲ್ಲಿ 200 ಜಿಬಿ ಖಾಲಿ ಇದ್ದರೂ ಪ್ರಯೋಜನವಿಲ್ಲ.

‘ಜಾಗ ಸಾಲದು’ ಎನ್ನಬೇಕಾದ ಕಡೆ ವಿಂಡೋಸ್ ಬೇರೆ ಕೋಡ್ ತೋರಿಸುತ್ತದೆ. ಈ ತಪ್ಪನ್ನು ಮೈಕ್ರೋಸಾಫ್ಟೇ ಒಪ್ಪಿಕೊಂಡಿದೆ. ಇದೇ ಕೋಡ್ ಡಾಟ್‌ನೆಟ್ (ಹಲವು ಪ್ರೋಗ್ರಾಂ ಓಡಲು ಬೇಕಾದ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ತೊಂದರೆಗೂ ಬರುವುದರಿಂದ ಜನ ಡಾಟ್‌ನೆಟ್ ರಿಪೇರಿ ಮಾಡುತ್ತಾರೆ, ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರ್ ಅಳಿಸುತ್ತಾರೆ, ವಿಂಡೋಸ್ ಫೈಲುಗಳನ್ನು ಪರೀಕ್ಷಿಸುವ ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸುತ್ತಾರೆ, ಕೊನೆಗೆ ರೀಸೆಟ್ ಒತ್ತುತ್ತಾರೆ. ಯಾವುದರಿಂದಲೂ ಆ ಪಾರ್ಟಿಷನ್ ಒಂದು ಎಂಬಿಯೂ ಬೆಳೆಯುವುದಿಲ್ಲ.

ನಿಮಗಿದು ಬೇಕೇ ಎಂದು ಮೊದಲು ನೋಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ರೀಏಜೆಂಟ್‌ಸಿ /ಇನ್ಫೋ’ ಓಡಿಸಿ. ರೀಏಜೆಂಟ್ ಎಂಬ ಇಂಗ್ಲಿಷ್ ಪದಕ್ಕೆ ಜಾಗ ಬಿಡದೆ ಸಿ ಅಕ್ಷರ ಸೇರಿಸಿದರೆ ಅದೇ ಕಮಾಂಡ್. ರಿಕವರಿ ಪಾರ್ಟಿಷನ್ನೇ ಇಲ್ಲದಿದ್ದರೆ ಈ ಎರರ್ ಕಡೆಗಣಿಸಿ ಎಂದು ಮೈಕ್ರೋಸಾಫ್ಟೇ ಹೇಳಿದೆ. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಹಾಕದ, ಮನೆ ಬಿಟ್ಟು ಹೋಗದ ಡೆಸ್ಕ್‌ಟಾಪ್ ಆಗಿದ್ದರೆ ಸುಮ್ಮನೆ ಬಿಟ್ಟುಬಿಡುವುದೇ ನಮ್ಮ ಸಲಹೆ. ಕದಿಯಬಹುದಾದ ಲ್ಯಾಪ್‌ಟಾಪಿನಲ್ಲಿ ಎನ್‌ಕ್ರಿಪ್ಷನ್ ಇದ್ದರೆ ಮಾತ್ರ ಈ ಶ್ರಮಕ್ಕೆ ಅರ್ಥವಿದೆ. ಅಂಥವರು 48 ಅಂಕಿಯ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಪಾರ್ಟಿಷನ್ ದೊಡ್ಡದು ಮಾಡುವ ಅಧಿಕೃತ ವಿಧಾನ ಮೈಕ್ರೋಸಾಫ್ಟಿನ ಕೆಬಿ5028997 ಪುಟದಲ್ಲಿದೆ. ಸಾರ ಇಷ್ಟು: ರಿಕವರಿಯನ್ನು ‘ರೀಏಜೆಂಟ್‌ಸಿ /ಡಿಸೇಬಲ್’ ಮಾಡು, ಡಿಸ್ಕ್ ಹಂಚುವ ವಿಂಡೋಸ್ ಕಮಾಂಡ್ ಆದ ಡಿಸ್ಕ್‌ಪಾರ್ಟಿನಲ್ಲಿ ಸಿ ಡ್ರೈವನ್ನು 250 ಎಂಬಿ ಕುಗ್ಗಿಸು, ಹಳೆಯ ರಿಕವರಿ ಪಾರ್ಟಿಷನ್ ಅಳಿಸು, ದೊಡ್ಡದಾಗಿ ಹೊಸದು ಮಾಡು, ‘/ಎನೇಬಲ್’ ಮಾಡು. ಅಳಿಸುವ ಹೆಜ್ಜೆಯಲ್ಲೇ ಅನಾಹುತ. ಅಲ್ಲಿ ‘ಓವರ್‌ರೈಡ್’ ಎಂಬ ಪದ ಸೇರುತ್ತದೆ. ಸೇರಿತೆಂದರೆ ಡಿಸ್ಕ್‌ಪಾರ್ಟ್ ‘ಖಚಿತವೇ’ ಎಂದೂ ಕೇಳದೆ, ಆಯ್ಕೆಯಾಗಿರುವ ಪಾರ್ಟಿಷನ್ ತೆಗೆದುಹಾಕುತ್ತದೆ. ಓಡುತ್ತಿರುವ ಸಿ ಡ್ರೈವನ್ನು ಅದು ಅಳಿಸುವುದಿಲ್ಲ, ಆದರೆ ಡಿ ಡ್ರೈವಿಗೆ ಆ ರಕ್ಷಣೆ ಇಲ್ಲ. ನಮ್ಮ ಕಡೆ ಅಂಗಡಿಯವರು ಡಿಸ್ಕನ್ನು ಸಿ, ಡಿ, ಇ ಎಂದು ಹಂಚಿಕೊಟ್ಟಿರುತ್ತಾರೆ. ಮದುವೆ ಫೋಟೋ, ಮಕ್ಕಳ ಸರ್ಟಿಫಿಕೇಟ್ ಎಲ್ಲ ಡಿಯಲ್ಲೇ. ವಿಡಿಯೊದಲ್ಲಿ ಕಂಡ ‘ಪಾರ್ಟಿಷನ್ 4’ ಎಂಬ ಸಂಖ್ಯೆಯನ್ನು ಹಾಗೇ ಹೊಡೆದರೆ ನಿಮ್ಮ ಯಂತ್ರದಲ್ಲಿ ಅದು ಡಿ ಆಗಿರಬಹುದು.

ಬ್ರ್ಯಾಂಡೆಡ್ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಬಲೆ. ಪಟ್ಟಿಯಲ್ಲಿ ‘ರಿಕವರಿ’ ಎಂದು ಎರಡು ಕಾಣುತ್ತವೆ: ಒಂದು 500 ಎಂಬಿಯದ್ದು, ಇನ್ನೊಂದು ಹತ್ತಿಪ್ಪತ್ತು ಜಿಬಿಯದ್ದು. ದೊಡ್ಡದು ತಯಾರಕರ ಫ್ಯಾಕ್ಟರಿ ಪ್ರತಿ. ಅಳಿಸಿದರೆ ಮರಳದು.

ಆದ್ದರಿಂದ ಸಂಖ್ಯೆಯನ್ನು ನಿಮ್ಮದೇ ‘/ಇನ್ಫೋ’ ಉತ್ತರದಿಂದ ತೆಗೆದುಕೊಳ್ಳಿ. ಅಲ್ಲಿನ ಸಾಲಿನಲ್ಲಿ ‘ಹಾರ್ಡ್‌ಡಿಸ್ಕ್0’, ‘ಪಾರ್ಟಿಷನ್4’ ಎಂಬಂತೆ ಎರಡೂ ಇರುತ್ತವೆ. ‘/ಡಿಸೇಬಲ್’ ಮಾಡಿದ ಮೇಲೆ ಆ ಸಾಲು ಖಾಲಿಯಾಗುವುದರಿಂದ ಮೊದಲೇ ಬರೆದುಕೊಳ್ಳಿ. ಪೆನ್ ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ಎಲ್ಲ ಕಿತ್ತಿಡಿ. ‘/ಡಿಸೇಬಲ್’ ಬಳಿಕ ಸಿ ಡ್ರೈವಿನ ವಿಂಡೋಸ್, ಸಿಸ್ಟಮ್32, ರಿಕವರಿ ಫೋಲ್ಡರಿನಲ್ಲಿ ವಿನ್‌ಆರ್‌ಇ.ವಿಮ್ ಎಂಬ ಫೈಲ್ ಬಂದಿದೆಯೇ ನೋಡಿ. ಅದು ಅಡಗಿದ ಫೈಲ್, ‘ಡಿಐಆರ್ /ಎ’ ಹಾಕಿದರೆ ಕಾಣುತ್ತದೆ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಪಾರ್ಟಿಷನ್ ಅಳಿಸಿದ ಮೇಲೆ ‘/ಎನೇಬಲ್’ಗೆ ಸಿಗುವ ಪ್ರತಿ ಅದೊಂದೇ.

ಡಿಸ್ಕ್ ಮ್ಯಾನೇಜ್‌ಮೆಂಟಿನ ಚಿತ್ರದಲ್ಲಿ ರಿಕವರಿ ಭಾಗ ಸಿ ಡ್ರೈವಿನ ಬಲಕ್ಕೆ ಅಂಟಿಕೊಂಡಿರಬೇಕು. ನಡುವೆ ಡಿ ಇದ್ದರೆ, ಅಥವಾ ರಿಕವರಿ ಡಿಸ್ಕಿನ ಮೊದಲಲ್ಲೇ ಇದ್ದರೆ, ಸಿಯಿಂದ ಕತ್ತರಿಸಿದ 250 ಎಂಬಿ ಅದಕ್ಕೆ ಸೇರುವುದೇ ಇಲ್ಲ. ಅಂಥ ಡಿಸ್ಕಿಗೆ ಆ ಪುಟದ ಕ್ರಮ ಹೊಂದುವುದಿಲ್ಲ, ಕೈಬಿಡಿ.

ಈಗಾಗಲೇ ತಪ್ಪು ಪಾರ್ಟಿಷನ್ ಅಳಿಸಿಬಿಟ್ಟಿದ್ದರೆ ಒಂದೂ ಕಮಾಂಡ್ ಹೆಚ್ಚಿಗೆ ಹೊಡೆಯಬೇಡಿ. ಆ ಕ್ಷಣಕ್ಕೆ ಹೋಗಿರುವುದು ಪಾರ್ಟಿಷನ್ ಪಟ್ಟಿಯ ನಮೂದು ಮಾತ್ರ, ಫೈಲುಗಳು ಡಿಸ್ಕಿನ ಮೇಲೇ ಇವೆ. ಮುಂದಿನ ‘ಫಾರ್ಮ್ಯಾಟ್’ ಹೊಡೆದರೆ, ಅದರಲ್ಲೂ ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಅಳಿಸಿದ ಜಾಗವನ್ನು ಖಾಲಿ ಎಂದು ಡ್ರೈವಿಗೆ ತಿಳಿಸುವ ಕ್ರಿಯೆ) ನಡೆದರೆ, ಮರಳುವ ಆಸೆ ಬಹುತೇಕ ಮುಗಿಯಿತು. ಕಂಪ್ಯೂಟರ್ ಆಫ್ ಮಾಡಿ, ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ, ಉಚಿತವಾಗಿ ಸಿಗುವ ಟೆಸ್ಟ್‌ಡಿಸ್ಕ್ ಎಂಬ ಪ್ರೋಗ್ರಾಂನಿಂದ ಕಳೆದ ಪಾರ್ಟಿಷನ್ ಹುಡುಕಿಸಿ. ಸಿಕ್ಕಿದ ಕೂಡಲೇ ಫೈಲುಗಳನ್ನು ಮೂರನೆಯ ಡಿಸ್ಕಿಗೆ ನಕಲು ಮಾಡಿ, ಆಮೇಲಷ್ಟೇ ಪಟ್ಟಿಯನ್ನು ಮರಳಿ ಬರೆಸಿ.