ಗಾಳಿಗೆ ಟ್ಯೂಬುಲರ್, ಬಿಸಿಲಿಗೆ ಲಿಥಿಯಂ

ಗದಗದಿಂದ ಮುಂಡರಗಿ ಕಡೆ ಹೊರಟರೆ ಕಪ್ಪತಗುಡ್ಡದ ಸಾಲಿನಲ್ಲಿ ದೊಡ್ಡ ದೊಡ್ಡ ಗಾಳಿ ಫ್ಯಾನುಗಳು ಕಾಣುತ್ತವೆ. ನೋಡಿದವರಿಗೆಲ್ಲ ಒಂದೇ ಆಸೆ. ನಮ್ಮ ಹೊಲದಲ್ಲೂ ಸಣ್ಣದೊಂದು ನಿಲ್ಲಿಸಿದರೆ ಕರೆಂಟಿನ ಗೊಡವೆಯೇ ಇರಲ್ಲ ಅಲ್ವಾ? ನಮ್ಮ ಹೊಲದ ಮನೆಗೆ ಲೈನ್ ಇಲ್ಲ. ಊರಿಂದ ಕಂಬ ಎಳೆಸುವ ಖರ್ಚು ಕೇಳಿ ಅದನ್ನು ಕೈಬಿಟ್ಟೆವು. ಈಗ ಗಾಳಿ ಫ್ಯಾನೂ ಇದೆ, ಸೋಲಾರೂ ಇದೆ, ಎರಡು ಜಾತಿಯ ಬ್ಯಾಟರಿಯೂ ಇವೆ. ಯಾವುದು ಹಾಕಿಸಲಿ ಅಂತ ಕೇಳುವವರು ಜಾಸ್ತಿ ಆಗಿರುವುದರಿಂದ ಬರೆಯುತ್ತಿದ್ದೇನೆ.

ಸಾಮಾನು ಇಷ್ಟು. 1 ಕಿಲೋವ್ಯಾಟ್ ಫ್ಯಾನು, ರೆಕ್ಕೆ ತಿರುಗುವ ಸುತ್ತಿನ ಅಗಲ 2.7 ಮೀಟರ್, 12 ಮೀಟರ್ ಪೈಪ್ ಕಂಬದ ಮೇಲೆ. ಮಾಳಿಗೆ ಮೇಲೆ 540 ವ್ಯಾಟಿನ ಎರಡು ಪ್ಯಾನೆಲ್. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್, ಅಂದರೆ ನೀರು ಹಾಕುವ ಸೀಸ-ಆಸಿಡ್ ಬ್ಯಾಟರಿ, ಎರಡು, ಜೊತೆಗೆ 24 ವೋಲ್ಟ್, 100 ಎಎಚ್‌ನ ಒಂದು ಲಿಥಿಯಂ ಡಬ್ಬಿ. ಫ್ರಿಜ್, ಲೈಟು, ಟಿವಿ, ಮಿಕ್ಸರ್ ಎಲ್ಲ ಸೇರಿ ಮನೆಗೆ ದಿನಕ್ಕೆ 3 ಯೂನಿಟ್ ಬೇಕು. ಸೀಲಿಂಗ್ ಫ್ಯಾನುಗಳನ್ನು ಕಡಿಮೆ ಕರೆಂಟು ತಿನ್ನುವ ಮೋಟಾರಿನ ಬಿಎಲ್‌ಡಿಸಿ ಮಾಡಿದ ಮೇಲೆ ಇಷ್ಟಕ್ಕೆ ಇಳಿದದ್ದು. ಹಳೇ ಫ್ಯಾನು 75 ವ್ಯಾಟ್ ತಿನ್ನುವಲ್ಲಿ ಇವು 30ರ ಒಳಗೆ ಮುಗಿಸುತ್ತವೆ. ಪ್ಯಾನೆಲ್, ಬ್ಯಾಟರಿ ಯಾವುದಕ್ಕೂ ಮೊದಲು ಆ ಕೆಲಸ ಮಾಡಿಕೊಳ್ಳಿ.

ಈಗ ಗಾಳಿ. ಪ್ಯಾನೆಲ್ ಮೇಲೆ ಬರೆದ 1 ಕಿಲೋವ್ಯಾಟಿಗೂ ಫ್ಯಾನಿನ ಮೇಲೆ ಬರೆದ 1 ಕಿಲೋವ್ಯಾಟಿಗೂ ಸಂಬಂಧವೇ ಇಲ್ಲ. ಬಿಸಿಲು ಅರ್ಧ ಆದರೆ ಪ್ಯಾನೆಲ್ ಹೆಚ್ಚುಕಡಿಮೆ ಅರ್ಧ ಕೊಡುತ್ತದೆ. ಗಾಳಿ ಅರ್ಧ ಆದರೆ ಫ್ಯಾನು ಕೊಡುವುದು ಎಂಟರಲ್ಲಿ ಒಂದು ಪಾಲು! ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಸೆಕೆಂಡಿಗೆ 4 ಮೀಟರ್ ಗಾಳಿ ಇದ್ದಾಗ, ಅಂದರೆ ಬೇವಿನ ಎಲೆ, ಸಣ್ಣ ಟೊಂಗೆ ಅಲ್ಲಾಡುತ್ತಿರುವಾಗ, ನನ್ನ ಫ್ಯಾನು ಕೊಡುವುದು 50 ವ್ಯಾಟ್ ಆಸುಪಾಸು. 8 ಮೀಟರ್ ಆದರೆ 400. ಪೂರಾ ಸಾವಿರ ಬೇಕಾದರೆ 11 ಮೀಟರ್ ಗಾಳಿ ಬೇಕು. ಅದು ಗಂಟೆಗೆ 40 ಕಿಲೋಮೀಟರ್ ಲೆಕ್ಕ. ಅಂಥ ಗಾಳಿಗೆ ಒಣಹಾಕಿದ ಬಟ್ಟೆ ಪಕ್ಕದ ಹೊಲದಲ್ಲಿ ಸಿಗುತ್ತದೆ.

ಗುಡ್ಡದ ಮೇಲಿನವು ತಿರುಗುತ್ತಿವೆಯಲ್ಲ ಅಂದರೆ, ಅವು ಗುಡ್ಡದ ನೆತ್ತಿಯಲ್ಲಿ, ಅದರ ಮೇಲೂ ಎತ್ತರದ ಕಂಬದಲ್ಲಿ ಇವೆ. ನೆಲದ ಹತ್ತಿರದ ಗಾಳಿ ಬೇರೆಯೇ. ಗಿಡಗಂಟಿ, ಮನೆ, ಬಣವೆ ಎಲ್ಲಕ್ಕೂ ತಾಗಿ ಸುಳಿ ಸುತ್ತಿಕೊಂಡು ಬರುತ್ತದೆ. ಸುತ್ತ ನೂರಿನ್ನೂರು ಮೀಟರ್ ಒಳಗೆ ಇರುವ ಅತಿ ಎತ್ತರದ ಮರಕ್ಕಿಂತ ಸುಮಾರು 10 ಮೀಟರ್ ಮೇಲೆ ರೆಕ್ಕೆ ಇರಬೇಕು ಅನ್ನುವುದು ಈ ಕೆಲಸ ಮಾಡುವವರ ಲೆಕ್ಕ. ನಮ್ಮ ಸುತ್ತ ಬಯಲು ಎರೆಹೊಲ, ಹಾಗಾಗಿ 12 ಮೀಟರ್ ಸಾಕಾಯಿತು. ತೆಂಗಿನ ತೋಟದವರಿಗೆ ಇದು ಆಗುವ ಮಾತಲ್ಲ.

ಮಾಳಿಗೆ ಮೇಲೆ ಕೂರಿಸುವ, ನೆಟ್ಟಗೆ ನಿಂತು ತಿರುಗುವ ಫ್ಯಾನು ಮಾರುವವರೂ ಬರುತ್ತಾರೆ. ಒಬ್ಬರು ನನಗೆ ಗಾಳಿಯ 80% ಶಕ್ತಿ ಹಿಡಿಯುತ್ತದೆ ಅಂದರು. ಯಾವ ಗಾಳಿಯಂತ್ರವೂ 59.3%ಗಿಂತ ಹೆಚ್ಚು ಹಿಡಿಯಲಾರದು ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಲೆಕ್ಕ ತೋರಿಸಿದ್ದಾರೆ. ಚಹಾ ಕುಡಿಸಿ ಕಳಿಸಿದೆ.

ಇಷ್ಟೆಲ್ಲ ಹೇಳಿದರೂ ಫ್ಯಾನು ದಂಡ ಅಂತ ನಾನು ಹೇಳಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಮೋಡ ಕವಿದಿರುತ್ತದೆ, ಮಳೆ ಮಾತ್ರ ಅಷ್ಟಕ್ಕಷ್ಟೆ. ಆಗ ಎರಡೂ ಪ್ಯಾನೆಲ್ ಸೇರಿ ಎರಡೂವರೆ ಯೂನಿಟ್ ಕೊಟ್ಟರೆ ಪುಣ್ಯ. ಅದೇ ಹೊತ್ತಿಗೆ ಆಷಾಢದ ಗಾಳಿ ಹಗಲು ರಾತ್ರಿ ಅನ್ನದೆ ಬೀಸುತ್ತದೆ. ಫ್ಯಾನಿನಿಂದ ದಿನಕ್ಕೆ 6-7 ಯೂನಿಟ್ ಬರುತ್ತದೆ. ಗಾಳಿ ಬಂದಾಗ ತೂರಿಕೋ ಅನ್ನುವ ಹಾಗೆ ಆಗ ಮನೆಯಲ್ಲಿ ಎಲ್ಲ ಕೆಲಸ ಒಟ್ಟಿಗೆ. ನಮ್ಮವ್ವ ಬೆಳಿಗ್ಗೆ ಎದ್ದು ಕಂಬದ ಕಡೆ ನೋಡಿ, "ಗಾಳಿ ಜೋರ್ ಐತಿ, ಅಕ್ಕಿ ನೆನಿ ಹಾಕ್ಲೇನು?" ಅಂತ ಕೇಳುತ್ತಾಳೆ. ದೀಪಾವಳಿ ಹೊತ್ತಿಗೆ ಲೆಕ್ಕ ತಿರುಗಾಮುರುಗಾ. ಪ್ಯಾನೆಲ್‌ನಿಂದ ನಾಲ್ಕು ಯೂನಿಟ್ ಮೇಲೆ, ಫ್ಯಾನಿನಿಂದ ಅರ್ಧ ಯೂನಿಟ್. ಎಷ್ಟೋ ದಿನ ಅದೂ ಇಲ್ಲ.

ಖರ್ಚು ನೋಡಿದರೆ ಸೋಲಾರ್ ಎದುರು ಫ್ಯಾನು ನಿಲ್ಲುವುದೇ ಇಲ್ಲ. ಸ್ಟ್ಯಾಂಡು, ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಸೇರಿ ಪ್ಯಾನೆಲ್‌ಗಳಿಗೆ ಹತ್ತಿರ ಹತ್ತಿರ 40 ಸಾವಿರ ಆಯಿತು. ಫ್ಯಾನು, ಕಂಬ, ಕಾಂಕ್ರೀಟ್, ಎಳೆತಂತಿ, ಕೇಬಲ್ ಅಂತ ಲಕ್ಷ ದಾಟಿ ಹೋಯಿತು. ಕೇಬಲ್ ಅಂದರೆ ಸುಮ್ನೆ ಅಲ್ಲ. 24 ವೋಲ್ಟಿನಲ್ಲಿ 1 ಕಿಲೋವ್ಯಾಟ್ ಅಂದರೆ 40 ಆಂಪಿಯರ್ ಮೇಲೆ ಹರಿಯುತ್ತದೆ, ದಪ್ಪ ತಾಮ್ರ ಬೇಕು. ಹೊಸದಾಗಿ ಮಾಡಿಸುವವರು 48 ವೋಲ್ಟ್ ಮಾಡಿಸಿ. ಪ್ಯಾನೆಲ್‌ಗೆ ಧೂಳು ಒರೆಸಿದರೆ ಮುಗಿಯಿತು. ಫ್ಯಾನನ್ನು ವರ್ಷಕ್ಕೊಮ್ಮೆ ಟ್ರ್ಯಾಕ್ಟರ್ ಕಟ್ಟಿ ಕಂಬ ಸಮೇತ ಮಲಗಿಸಿ, ಬೋಲ್ಟು ಬಿಗಿ ಮಾಡಿ, ಬೇರಿಂಗ್ ನೋಡಬೇಕು. ಏಪ್ರಿಲ್-ಮೇ ಗುಡುಗು ಸಿಡಿಲಿನ ಕಾಲ. ಬಯಲಲ್ಲಿ ನಿಂತ ಕಂಬಕ್ಕೆ ಅರ್ಥಿಂಗ್ ಗಟ್ಟಿ ಇರಲೇಬೇಕು.

ಬ್ಯಾಟರಿ ವಿಷಯ ಇದಕ್ಕಿಂತ ಸ್ವಾರಸ್ಯ. ಅಂಗಡಿಯಲ್ಲಿ ಕೇಳಿದರೆ ಲಿಥಿಯಂ ಹಾಕಿ ಅಂತಲೇ ಹೇಳುತ್ತಾರೆ. ಕಾಗದದ ಮೇಲೆ ಅದೇ ಸರಿ. 150 ಎಎಚ್ ಟ್ಯೂಬುಲರ್ ಎರಡರಲ್ಲಿ 3.6 ಯೂನಿಟ್ ಹಿಡಿಯುತ್ತದೆ. ಆದರೆ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಅಂದರೆ ಕೈಗೆ ಸಿಗುವುದು 1.8. ಲಿಥಿಯಂ ಡಬ್ಬಿಯಲ್ಲಿ ಹಿಡಿಯುವುದೇ 2.5, ಆದರೆ ಎರಡರ ಮೇಲೆ ಧೈರ್ಯವಾಗಿ ತೆಗೆಯಬಹುದು. ಟ್ಯೂಬುಲರ್ ಒಂದೊಂದೂ 50 ಕಿಲೋ ಮೇಲೆ ತೂಗುತ್ತದೆ. ಲಿಥಿಯಂ ಡಬ್ಬಿಯನ್ನು ನಾನೊಬ್ಬನೇ ಎತ್ತಿ ಇಟ್ಟೆ.

ಟ್ಯೂಬುಲರ್ ಎಮ್ಮೆ ಕಟ್ಟಿದ ಹಾಗೆ, ದಿನಾ ಕಣ್ಣಿಡಬೇಕು. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಬೇಕು. ಮುಚ್ಚಳ ತೆಗೆದು, ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಹೈಡ್ರೋಮೀಟರ್ ಇಳಿಸಿ, ರಬ್ಬರ್ ಒತ್ತಿ ಬಿಟ್ಟರೆ ಗಾಜಿನ ಕೊಳವೆಗೆ ಆಸಿಡ್ ಏರುತ್ತದೆ, ಒಳಗಿನ ಬುರುಡೆ ತೇಲುತ್ತದೆ. 1240 ತೋರಿಸಿದರೆ ತುಂಬಿದೆ. 1180ರ ಹತ್ತಿರ ಬಂದರೆ ಟಿವಿ ಆರಿಸಿ ಮಲಗಿ. ಒಂದು ಬ್ಯಾಟರಿಯ ಆರು ಮನೆಗಳಲ್ಲಿ, ಅಂದರೆ ಸೆಲ್‌ಗಳಲ್ಲಿ, ಒಂದು ಮಾತ್ರ ಕಡಿಮೆ ತೋರಿಸುತ್ತಿದ್ದರೆ ಆ ಬ್ಯಾಟರಿಗೆ ವಯಸ್ಸಾಗುತ್ತಿದೆ ಅಂತ ತಿಳಿಯಿರಿ. ಲಿಥಿಯಂನಲ್ಲಿ ಇದ್ಯಾವುದೂ ಇಲ್ಲ. ಫೋನಿನಲ್ಲಿ ಪರ್ಸೆಂಟ್ ಕಾಣುತ್ತದೆ. ಬೇಸಿಗೆಯ ಸೆಕೆಯಲ್ಲಿ ಟ್ಯೂಬುಲರ್ ಆಯಸ್ಸು ಬೇಗ ಸವೆಯುವುದೂ ನಿಜ. ಅದಕ್ಕೇ ಅವನ್ನು ತಗಡಿನ ಶೆಡ್ಡಿನಲ್ಲಿ ಇಡದೆ ಮನೆಯ ತಂಪು ಮೂಲೆಯಲ್ಲಿ, ಕಿಟಕಿ ಪಕ್ಕ ಇಟ್ಟಿದ್ದೇನೆ. ಚಾರ್ಜ್ ಆಗುವಾಗ ಗ್ಯಾಸ್ ಬಿಡುತ್ತವೆ, ಗಾಳಿ ಆಡಬೇಕು.

ಹಾಗಾದರೆ ಟ್ಯೂಬುಲರ್ ಯಾಕೆ ಉಳಿಸಿಕೊಂಡಿದ್ದೇನೆ? ಗಾಳಿ ಫ್ಯಾನಿಗಾಗಿ.

ಬ್ಯಾಟರಿ ತುಂಬಿದ ಮೇಲೆ ಪ್ಯಾನೆಲ್‌ನ ವೈರ್ ಬಿಚ್ಚಿದರೂ ಅದಕ್ಕೇನೂ ಆಗಲ್ಲ, ತೆಪ್ಪಗೆ ಬಿಸಿಲಲ್ಲಿ ಬಿದ್ದಿರುತ್ತದೆ. ತಿರುಗುತ್ತಿರುವ ಫ್ಯಾನಿನ ಲೋಡ್ ತೆಗೆದರೆ ಅದನ್ನು ಹಿಡಿಯುವವರೇ ಇಲ್ಲ. ಹುಚ್ಚೆದ್ದು ತಿರುಗುತ್ತದೆ, ವೋಲ್ಟೇಜ್ ಏರಿ ಕಂಟ್ರೋಲರ್ ಸುಡುತ್ತದೆ, ರೆಕ್ಕೆಯೂ ಮುರಿಯಬಹುದು. ಲಿಥಿಯಂ ಒಳಗೆ ಬಿಎಂಎಸ್ ಅಂತ ಒಂದು ಕಾವಲು ಬೋರ್ಡ್ ಇರುತ್ತದೆ. ಸೆಲ್ ಒಂದರ ವೋಲ್ಟೇಜ್ ಮಿತಿ ಮೀರಿತೋ, ಕೇಳದೆ ಪೂರ್ತಿ ಬಂದ್ ಮಾಡುತ್ತದೆ. ಬ್ಯಾಟರಿ ಉಳಿಯುವುದಕ್ಕೆ ಅದು ಒಳ್ಳೆಯದೇ. ಆಷಾಢದ ನಡುರಾತ್ರಿ ಗಾಳಿ ಜೋರಿದ್ದಾಗ ಹಾಗಾದರೆ ಫ್ಯಾನಿಗೆ ಅದೇ ಗಂಡಾಂತರ. ಟ್ಯೂಬುಲರ್ ಹಾಗೆ ಥಟ್ಟನೆ ಕೈಬಿಡಲ್ಲ. ತುಂಬಿದ ಮೇಲೂ ಸ್ವಲ್ಪ ಸ್ವಲ್ಪ ನುಂಗುತ್ತದೆ, ನೀರು ಕುದಿಸಿಕೊಳ್ಳುತ್ತದೆ, ಅಷ್ಟರೊಳಗೆ ಕಂಟ್ರೋಲರ್ ಹೆಚ್ಚಿನ ಕರೆಂಟನ್ನು ಡಂಪ್ ಲೋಡಿಗೆ ತಿರುಗಿಸುತ್ತದೆ. ನನ್ನ ಡಂಪ್ ಲೋಡ್ ಅಂದರೆ ನೀರಿನ ಡ್ರಮ್ಮಿನೊಳಗಿನ ಹೀಟರ್ ಕಾಯಿಲ್. ಜುಲೈನಲ್ಲಿ ಸ್ನಾನಕ್ಕೆ ಕಟ್ಟಿಗೆ ಉಳಿಯುತ್ತದೆ.

ಇನ್ನೊಂದು ಕಾರಣವೂ ಇದೆ. ಟ್ಯೂಬುಲರ್ ಮುಕ್ಕಾಲು ಪಾಲು ಬೇಗ ತುಂಬಿಕೊಂಡು, ಕೊನೆಯ ಪಾಲನ್ನು ಗಂಟೆಗಟ್ಟಲೆ ನಿಧಾನವಾಗಿ ತೆಗೆದುಕೊಳ್ಳುತ್ತದೆ. ಬಿಸಿಲು ನಾಲ್ಕು ಗಂಟೆಗೆಲ್ಲ ಬಾಡಿದರೆ ಅದು ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಹಾಗೇ ಬಿಟ್ಟರೆ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಹಾಳಾಗುತ್ತದೆ. ರಾತ್ರಿಯಿಡೀ ಬೀಸುವ ಗಾಳಿ ಅದರ ಊಟದ ಚಾಳಿಗೆ ಸರಿ ಹೊಂದುತ್ತದೆ. ಲಿಥಿಯಂ ಸಿಕ್ಕಷ್ಟನ್ನು ಗಬಗಬ ತುಂಬಿಕೊಳ್ಳುತ್ತದೆ, ಅರೆಹೊಟ್ಟೆಯಲ್ಲಿದ್ದರೂ ಕೆಡಲ್ಲ. ಅದು ಬಿಸಿಲಿಗೆ ತಕ್ಕ ಜೋಡಿ. ಹಾಗಾಗಿ ನಮ್ಮಲ್ಲಿ ಎರಡೂ ಬೇರೆ ಬೇರೆ. ಗಾಳಿಯ ಕರೆಂಟು ಟ್ಯೂಬುಲರ್‌ಗೆ, ಬಿಸಿಲಿನದು ಲಿಥಿಯಂಗೆ, ಇನ್ವರ್ಟರನ್ನು ಯಾವುದಕ್ಕೆ ಬೇಕೋ ಅದಕ್ಕೆ ಹಾಕಲು ಚೇಂಜ್‌ಓವರ್ ಸ್ವಿಚ್. ಗಾಳಿ ಇಲ್ಲದ ತಿಂಗಳುಗಳಲ್ಲಿ ಒಂದು ಸಣ್ಣ ಪ್ಯಾನೆಲ್ ಟ್ಯೂಬುಲರ್‌ಗಳನ್ನು ತುಂಬಿಸಿ ಇಡುತ್ತದೆ.

ಒಂದೇ ಬ್ಯಾಟರಿಗೆ ದುಡ್ಡಿದ್ದರೆ, ಒಂದೇ ದಾರಿ ಹಿಡಿಯುವುದಾದರೆ, ಸೋಲಾರ್ ಮತ್ತು ಲಿಥಿಯಂ ತಗೊಳ್ಳಿ. ಮಳೆಗಾಲದ ಕೊರತೆಗೆ ಇನ್ನೆರಡು ಪ್ಯಾನೆಲ್ ಹಾಕಿದರೂ ಫ್ಯಾನಿನ ಅರ್ಧ ಖರ್ಚಿಗೆ ಮುಗಿಯುತ್ತದೆ. ಫ್ಯಾನು ಹಾಕಿಸಲೇಬೇಕು ಅನ್ನುವ ಬಯಲುಸೀಮೆಯವರು ಮೊದಲು ಗಾಳಿ ಅಳೆಯುವ ಮೀಟರನ್ನು ಕಂಬ ನಿಲ್ಲಿಸುವ ಜಾಗದಲ್ಲೇ, ಅಷ್ಟೇ ಎತ್ತರಕ್ಕೆ ಕಟ್ಟಿ ನೋಡಿ. ಆಷಾಢದ ಅಂಕಿ ನೋಡಿ ಅಡ್ವಾನ್ಸ್ ಕೊಡಬೇಡಿ, ಕಾರ್ತೀಕದ್ದೂ ಬರಲಿ.